ಆರರಲ್ಲಿ ನಾಲ್ಕು

ರೂವಿಯ ಮನೆಗೆ ನೂರಾ ತೊಂಬತ್ತು ರಿಯಾಲ್,
ಕರೆಂಟು ಬೇರೆ, ನೀರು ಬೇರೆ, ಲಿಫ್ಟಿನ ಜಗಳ ಬೇರೆ.
ಇಲ್ಲಿ, ಬೆಟ್ಟದ ನೆತ್ತಿಯಲ್ಲಿ, ಅರವತ್ತು.
ನೀರು ಫಲಜದ್ದು, ಕಲ್ಲಿನ ಕಾಲುವೆಯಲ್ಲಿ ತಾನೇ ಬರುವುದು;
ಜಗಳ ಮಾತ್ರ ನಾವೇ ಹೊತ್ತು ತಂದದ್ದು.

ಹತ್ತೊಂಬತ್ತು ವರ್ಷ ತಂಪು ಮಾರಿದವನು ನಾನು.
ತಾರಸಿಯ ಕಾದ ಸಿಮೆಂಟಿನ ಮೇಲೆ ಮಂಡಿಯೂರಿ
ಯಾರದೋ ಮಲಗುವ ಕೋಣೆಗೆ ಗ್ಯಾಸು ತುಂಬಿದವನು.
ನನ್ನ ಪಂಚಾಂಗದಲ್ಲಿ ಎರಡೇ ಕಾಲ:
ಎ.ಸಿ. ಕೆಡುವ ಕಾಲ,
ಕೆಡುವ ಮುಂಚೆ ಸರ್ವಿಸ್ ಮಾಡಿಸಿ ಎಂದು
ನಾನೇ ಫೋನು ಮಾಡುವ ಕಾಲ.

ಶಿರ್ವದ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿ
ಆರು ಋತು ಹೇಳಿಸಿದ್ದರು ಕಮಲಾವತಿ ಟೀಚರು.
ವಸಂತ, ಗ್ರೀಷ್ಮ, ವರ್ಷದವರೆಗೆ ಸಲೀಸು;
ಶರದ್ ಆದಮೇಲೆ ಹೇಮಂತವೋ ಶಿಶಿರವೋ
ನಾಲಿಗೆ ತೊಡರಿ, ಅಂಗೈಗೆ ಬೆತ್ತ.
ತಪ್ಪು ನನ್ನದಲ್ಲ ಟೀಚರ್,
ಕಡಲ ಬದಿಯಲ್ಲಿ ಅವರಿಬ್ಬರ ಮುಖ ಕಂಡವರಿರಲಿಲ್ಲ.

ಬಿರ್ಕತ್ ಅಲ್ ಮೌಜಿನ ಚೆಕ್‌ಪೋಸ್ಟಿನಲ್ಲಿ ಪೊಲೀಸು
ಪಿಕಪ್ಪಿನ ಟೈರು ನೋಡಿದ, ಬೆನ್ನ ಮೇಲಿನ ಸಾಮಾನು ನೋಡಿದ:
ಹೊಲಿಗೆ ಮಿಷನ್ನು, ಕುಚ್ಚಲಕ್ಕಿಯ ಚೀಲ, ಮೇರಿಮಾತೆಯ ಪಟ,
ಪ್ಲಾಸ್ಟಿಕ್ ಬಿಚ್ಚದ ಒಂದು ಕಂಬಳಿ.
"ಮೇಲೆ ಎಷ್ಟು ದಿನ?" ಎಂದ.
ನನಗಿಂತ ಮೊದಲೇ ಸೆವ್ರಿನ್, ಮುರುಕು ಅರಬಿಯಲ್ಲಿ:
"ದಿನ ಅಲ್ಲ."

ತಿರುವಿಗೊಮ್ಮೆ ಕಿವಿ ಮುಚ್ಚಿತು, ತಿರುವಿಗೊಮ್ಮೆ ತೆರೆಯಿತು.

ಬಂದಾಗ ಬರಿಗೊಂಬೆಗೆ ಅಂಟಿಕೊಂಡಿತ್ತು ಪೀಚಿನ ಹೂ,
ಎಲೆಗೂ ಮೊದಲು ಹೂ, ಎಂಥ ಅವಸರ ಮಾರಾಯ್ರೆ!
ಏಪ್ರಿಲಿನಲ್ಲಿ ಗುಲಾಬಿ. ಬೆಳಕು ಹರಿಯುವ ಮುನ್ನ
ಮುದುಕ ಖಲ್ಫಾನ್ ಕತ್ತಲೆಯನ್ನೇ ಕೀಳುತ್ತಿರುವಂತೆ ಕೀಳುತ್ತಾನೆ;
ಬಿಸಿಲು ಕಂಡ ಹೂವಿಗೆ ವಾಸನೆ ನಿಲ್ಲದಂತೆ.
ಅವನ ಭಟ್ಟಿಯ ಹೊಗೆ ನಮ್ಮ ಒಗೆದ ಬಟ್ಟೆಗೆಲ್ಲ ಹತ್ತಿ
ವಾರಗಟ್ಟಲೆ ನಾನು ಮದುಮಗನಂತೆ ನಾರಿದೆ.

ಎಲ್ಲ ಚಂದವೇನಲ್ಲ.
ಶುಕ್ರವಾರದ ಕೊಂಕಣಿ ಪೂಜೆಗೆ ಎರಡೂವರೆ ಗಂಟೆ ಇಳಿಯಬೇಕು.
ಬಂಗುಡೆ ಇಲ್ಲಿಗೆ ಹತ್ತುವಷ್ಟರಲ್ಲಿ
ಅದರ ಕಣ್ಣಿಗೆ ಪೊರೆ ಬಂದಿರುತ್ತದೆ.
ಸೆವ್ರಿನ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ
ಏನೂ ಅನ್ನದೆ ಹುಳಿ ಜಾಸ್ತಿ ಹಾಕುತ್ತಾಳೆ.
ಆ ಏನೂ ಅನ್ನದಿರುವುದರ ಬಾಡಿಗೆ
ಯಾವ ಕರಾರಿನಲ್ಲೂ ಬರೆದಿಲ್ಲ.

ದಾಳಿಂಬೆ ಮುಗಿದ ಮೇಲೆ ಒಂದು ಬೆಳಿಗ್ಗೆ
ಅಂಗಳದ ಅಕ್ರೋಟಿನ ಮರ ಹಳದಿಯಾಗಿ ಉದುರತೊಡಗಿತು.
ಓಡಿದೆ ಖಲ್ಫಾನನ ಮನೆಗೆ:
ನಿಮ್ಮ ಮರಕ್ಕೆ ರೋಗ, ಬಾಡಿಗೆಯಲ್ಲಿ ಹಿಡಿಯಬೇಡಿ,
ನಾನು ಏನೂ ಮಾಡಿಲ್ಲ!
ಆತ ಕಾಫಿ ಬಗ್ಗಿಸಿ, ಖರ್ಜೂರ ಮುಂದೆ ಸರಿಸಿ,
ನಗು ಮುಗಿಯುವವರೆಗೆ ಕಾದು ಹೇಳಿದ:
"ಸುಸ್ತಾಗಿದೆ ಅದಕ್ಕೆ. ಮಲಗಲಿ ಬಿಡು."

ಹಾಗೆ ಮಲಗಲು ಬಿಟ್ಟದ್ದು ಯಾರನ್ನು, ನಾನು, ಇಷ್ಟು ವರ್ಷ?

ಈಗ ಗೀಸರು ರಿಪೇರಿ. ಬಿಸಿ ಮಾರುತ್ತೇನೆ.
ಸ್ಪ್ಯಾನರು ಅದೇ, ಗಿರಾಕಿ ಬೈಯುವ ಮಾತೂ ಅದೇ.

ರಜೆಗೊಮ್ಮೆ ಊರಿಗೆ ಹುಲಿಚಿತ್ರದ ಕಂಬಳಿ ಒಯ್ಯುತ್ತಿದ್ದೆವು,
ಮೂವತ್ತು ಕಿಲೋದಲ್ಲಿ ಆರು ಕಿಲೋ ಹುಲಿ,
ಫ್ಯಾನಿನ ಕೆಳಗೂ ಬೆವರುವ ಊರಿಗೆ.
ಕಪಾಟಿನಲ್ಲಿ ಒಂದರ ಮೇಲೊಂದು ಅವು,
ಜಿಪ್ಪು ಎಳೆಯದ ಮರ್ಯಾದೆ.
ತೂಕ ಹೆಚ್ಚಾಗಿ ಏರ್‌ಪೋರ್ಟಿನಿಂದ ಮರಳಿದ ಒಂದು
ಮಂಚದಡಿ ಉಳಿದಿತ್ತು.

ನಿನ್ನೆ ರಾತ್ರಿ ತೊಟ್ಟಿಯ ನೀರು ತೆಳ್ಳಗೆ ಕೆನೆಗಟ್ಟಿತು,
ಬೆರಳಿಟ್ಟರೆ ಚಿಟ್ಟೆಂದು ಒಡೆಯಿತು.
ಸೆವ್ರಿನ್ ಜಿಪ್ಪೆಳೆದಳು.
ಹತ್ತು ವರ್ಷದ ಹಿಂದಿನ ಅಂಗಡಿಯ ವಾಸನೆ ಹೊರಬಿದ್ದು
ಹುಲಿ ನಮ್ಮ ಮೇಲೆ ಮೈಮುರಿದು ಮಲಗಿತು.

ಇದು ಹೇಮಂತವೋ ಶಿಶಿರವೋ
ಈಗಲೂ ಹೇಳಲಾರೆ ಟೀಚರ್.
ಆರರಲ್ಲಿ ನಾಲ್ಕು ಸಿಕ್ಕಿವೆ, ಪಾಸು ಮಾಡಿ.
ಕತ್ತಲಲ್ಲಿ ಇವಳು ಅನ್ನುತ್ತಾಳೆ:
"ಕಾಲು ಆಚೆ ತೆಗೀರಿ, ಮಂಜುಗಡ್ಡೆ ಹಾಗಿದೆ,"
ಅನ್ನುತ್ತಲೇ ತನ್ನದನ್ನು ಹತ್ತಿರ ತರುತ್ತಾಳೆ.